ಲೈಸೆನ್ಸ್ ನಿಮ್ಮದು, ಫೋನ್ ನಂಬರೂ ನಿಮ್ಮದೇ ಇರಲಿ

ಪ್ರಶ್ನೆ: ಅಕ್ಕಾ, ನಾನು ಮತ್ತು ನನ್ನ ನೆಗೆಣ್ಣಿ ಬಾಡಿಗೆ ಮನೆಯಲ್ಲಿ ಎರಡು ವರ್ಷದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಪರಿಚಯದವರಿಗೆ ಮಾರುತ್ತಿದ್ದೇವೆ. ಈಗ ಹುಬ್ಬಳ್ಳಿಯ ಅಂಗಡಿಯೊಂದು ಪ್ಯಾಕೆಟ್ ಕೇಳಿದೆ. ಆದರೆ ಲೈಸೆನ್ಸ್ ನಂಬರ್ ಇರಲೇಬೇಕಂತೆ. ಇಲ್ಲೊಬ್ಬ ಏಜೆಂಟರು "15,000 ಕೊಡಿ, ಆಧಾರ್ ಕೊಡಿ, ನೀವು ಓಡಾಡೋದೇ ಬೇಡ" ಅನ್ನುತ್ತಿದ್ದಾರೆ. ಕೊಡಬಹುದಾ? ಏನೇನು ಮಾಡಿಸಬೇಕು?
— ಓದುಗರು, ಬ್ಯಾಡಗಿ

ಉತ್ತರ: ತಂಗಿ, ದುಡ್ಡು ಕೊಡುವ ಮೊದಲು ನನ್ನ ಕಥೆ ಕೇಳಿ. 2018ರಲ್ಲಿ ನಾನೂ ಹೀಗೇ ಒಬ್ಬರ ಕೈಗೆ ಆಧಾರ್ ಕೊಟ್ಟು ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಕೂತೆ. ವಾರದಲ್ಲಿ ಸರ್ಟಿಫಿಕೇಟ್ ಬಂತು. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದೆವು. ಮೂರು ವರ್ಷ ಕಳೆದ ಮೇಲೆ ಒಂದು ದಿನ ಅಂಗಡಿಯವರು ಫೋನ್ ಮಾಡಿ, "ಅಕ್ಕಾ, ನಿಮ್ಮ ನಂಬರಿನ ಅವಧಿ ಮುಗಿದಿದೆ, ಮಾಲು ಇಡೋಕಾಗಲ್ಲ" ಅಂದರು. ನೋಡಿದರೆ ಅರ್ಜಿಯಲ್ಲಿದ್ದದ್ದು ಏಜೆಂಟರ ಮೊಬೈಲ್, ಅವರದೇ ಇಮೇಲ್. ನವೀಕರಣದ ಮೆಸೇಜ್ ಎಲ್ಲಾ ಅವರಿಗೇ ಹೋಗಿತ್ತು. ಅವರು ಊರು ಬಿಟ್ಟಿದ್ದರು. ಓಟಿಪಿ ಯಾರನ್ನು ಕೇಳಲಿ? ಹೊಸದಾಗಿ ಅರ್ಜಿ ಹಾಕಬೇಕಾಯಿತು, ನಂಬರೇ ಬದಲಾಯಿತು. ಹಳೇ ನಂಬರ್ ಪ್ರಿಂಟ್ ಹಾಕಿಸಿದ್ದ ಎರಡು ಸಾವಿರ ಕವರು ಇವತ್ತಿಗೂ ನಮ್ಮ ಅಟ್ಟದ ಮೇಲಿವೆ.

ಅದಕ್ಕೇ ಹೇಳುತ್ತೇನೆ, ಅರ್ಜಿ ಯಾರಾದರೂ ತುಂಬಲಿ, ಮೊಬೈಲ್ ಮತ್ತು ಇಮೇಲ್ ಮಾತ್ರ ನಿಮ್ಮದೇ ಇರಬೇಕು. ಪಾಸ್‌ವರ್ಡ್ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಅಂಗಡಿಯವರು ಕೇಳುತ್ತಿರುವುದು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್. ನಿಮ್ಮಂಥ ಸಣ್ಣ ಮನೆ ಉದ್ಯಮಕ್ಕೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ನೋಂದಣಿ ಸಾಕು. ನಾನು ಮಾಡಿಸಿದಾಗ ಸರ್ಕಾರಿ ಶುಲ್ಕ ವರ್ಷಕ್ಕೆ ನೂರೇ ರೂಪಾಯಿ. ಏಜೆಂಟರ 15,000 ಯಾವುದಕ್ಕೆ ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಅರ್ಜಿ ಅವರದೇ ಫಾಸ್ಕಾಸ್ (FoSCoS) ಅನ್ನುವ ವೆಬ್‌ಸೈಟಿನಲ್ಲಿ. ಫೋಟೋ, ಗುರುತಿನ ಚೀಟಿ, ಅಡುಗೆ ಮಾಡುವ ಜಾಗದ ದಾಖಲೆ ಬೇಕು. ಬಾಡಿಗೆ ಮನೆ ಅಂದಿರಿ, ಹಾಗಾಗಿ ಕರಾರು ಪತ್ರ ಮತ್ತು ಮಾಲೀಕರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಡಿ. ಇದೇ ಜಾಸ್ತಿ ತಡವಾಗೋದು. ಏನೇನು ಮಾಡುತ್ತೀರಿ ಅಂತ ಆರಿಸುವಾಗ ರೊಟ್ಟಿಯ ಜೊತೆ ಚಟ್ನಿ ಪುಡಿಯನ್ನೂ ಸೇರಿಸಿ. ನಾನು ಬರೀ ರೊಟ್ಟಿ ಹಾಕಿಸಿ ಆಮೇಲೆ ಮತ್ತೆ ತಿದ್ದಿಸಿದೆ.

ಬರುವುದು 14 ಅಂಕಿಯ ನಂಬರ್. ಮೊದಲ ಅಂಕಿ 2 ಇದ್ದರೆ ನೋಂದಣಿ, 1 ಇದ್ದರೆ ಲೈಸೆನ್ಸ್. ಮುಂದಿನ ಎರಡು ಅಂಕಿ ರಾಜ್ಯದ್ದು, ನಮ್ಮದು 12. ಯಾರೇ ಸರ್ಟಿಫಿಕೇಟ್ ಕೈಗಿಟ್ಟರೂ ಆ ನಂಬರನ್ನು ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಿಮ್ಮ ಹೆಸರು ಬಂದ ಮೇಲೆ ಬಾಕಿ ದುಡ್ಡು ಕೊಡಿ.

ಉದ್ದಿಮೆ ಪರವಾನಗಿಗೆ ನಿಮ್ಮ ಪುರಸಭೆಗೆ ನೀವೇ ಹೋಗಿ ಬನ್ನಿ. ಅದು ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುವುದು, ಮಾರ್ಚ್ 31 ನೆನಪಿಟ್ಟುಕೊಳ್ಳಿ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ನಯಾಪೈಸೆ ಇಲ್ಲ. ಅದಕ್ಕೂ ದುಡ್ಡು ಕೇಳಿದರೆ ಕೊಡಬೇಡಿ.

ಜನ ಮರೆಯುವುದು ತೂಕದ ವಿಷಯ. ಚಟ್ನಿ ಪುಡಿಯನ್ನು ತೂಕದ ಮೇಲೆ ಮಾರುತ್ತೀರಿ, ಅಲ್ವಾ? ಹಾಗಾದರೆ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲು ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಅಡುಗೆಮನೆ ತಕ್ಕಡಿಗೆ ಸೀಲು ಹಾಕುವುದಿಲ್ಲ, ವ್ಯಾಪಾರದ ತಕ್ಕಡಿಯನ್ನೇ ತನ್ನಿ. ಪ್ಯಾಕ್ ಮಾಡಿ ಮಾರುವವರು ಶುರು ಮಾಡಿದ 90 ದಿನದೊಳಗೆ ಅದೇ ಇಲಾಖೆಯಲ್ಲಿ ಪ್ಯಾಕರ್ ಅಂತ ನೋಂದಾಯಿಸಿಕೊಳ್ಳಬೇಕು. ನನ್ನ ಅನುಭವದಲ್ಲಿ ಏಜೆಂಟರ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ.

ಇನ್ನು ಗ್ಯಾಸು. ಮನೆಯ 14.2 ಕೆಜಿ ಸಿಲಿಂಡರಿನಲ್ಲಿ ಮಾರಾಟಕ್ಕೆ ರೊಟ್ಟಿ ಸುಡಬೇಡಿ. ವ್ಯಾಪಾರದ 19 ಕೆಜಿ ಸಿಲಿಂಡರ್ ತುಟ್ಟಿ, ಗೊತ್ತು. ಆದರೂ ಅದನ್ನೇ ಲೆಕ್ಕದಲ್ಲಿ ಹಿಡಿದು ರೊಟ್ಟಿಯ ರೇಟು ಹೇಳಿ.

ಜಿಎಸ್‌ಟಿಗೆ ಈಗಲೇ ಹೆದರಬೇಡಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ಆದರೆ ಚಟ್ನಿ ಪುಡಿಯನ್ನು ಹೊರ ರಾಜ್ಯಕ್ಕೆ, ಗೋವಾಕ್ಕೋ ಸೊಲ್ಲಾಪುರಕ್ಕೋ ಮಾರಿದರೆ ಈ 40 ಲಕ್ಷದ ಲೆಕ್ಕ ನಡೆಯುವುದಿಲ್ಲ. ಸದ್ಯ ಹುಬ್ಬಳ್ಳಿಯಲ್ಲೇ ಗಟ್ಟಿಯಾಗಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಮನೆಯ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಮಾಡಿಕೊಳ್ಳಿ. ಚೀಟಿ ದುಡ್ಡು, ಅಣ್ಣ ಕಳಿಸಿದ ದುಡ್ಡು ಎಲ್ಲಾ ರೊಟ್ಟಿ ಮಾರಿದ ದುಡ್ಡಿನಲ್ಲಿ ಕಲೆಸಿದರೆ ಆಮೇಲೆ ಬಿಡಿಸುವುದು ಕಷ್ಟ.

ಕವರ್ ಪ್ರಿಂಟ್ ಹಾಕಿಸುವುದು ಎಲ್ಲಕ್ಕಿಂತ ಕೊನೆಗೆ. ನಂಬರ್ ಕೈಗೆ ಬರುವ ತನಕ ಪ್ರೆಸ್ಸಿನ ಕಡೆ ಹೋಗಬೇಡಿ. ಮೊದಲ ಮೂರು ತಿಂಗಳು ಸಾದಾ ಕವರು, ಮೇಲೆ ಸ್ಟಿಕ್ಕರ್ ಸಾಕು. ಅದರಲ್ಲಿ ಎಫ್‌ಎಸ್‌ಎಸ್‌ಎಐ ನಂಬರ್, ಏನೇನು ಹಾಕಿದ್ದೀರಿ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಹಸಿರು ಚುಕ್ಕಿ, ವಿಳಾಸ, ಫೋನ್ ಎಲ್ಲಾ ಇರಬೇಕು. ಆ ಸ್ಟಿಕ್ಕರ್ ಬರೆದಾದ ಮೇಲೆ ಒಂದು ಫೋಟೋ ಪತ್ರಿಕೆಗೆ ಕಳಿಸಿ, ಪ್ರಿಂಟಿಗೆ ಹೋಗುವ ಮುಂಚೆ ನಾನು ನೋಡಿ ಹೇಳುತ್ತೇನೆ.