ಅಮ್ಮನ ಸೊಂಟನೋವು, ಮಗಳ ಸಂಶೋಧನೆ

ಇವರನ್ನು ಗಿರಿಜಾ ಎಂದು ಕರೆಯೋಣ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೆಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯದ ಸಂಶೋಧಕಿ. ಪೌರಕಾರ್ಮಿಕ ಹೆಂಗಸರ ಆರೋಗ್ಯದ ಮೇಲೆ ಪಿಎಚ್.ಡಿ. ಮಾಡಿ, ಈಗ ಅದೇ ವಿಷಯದ ದೊಡ್ಡ ಯೋಜನೆಯಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಸಮಾಲೋಚನೆಗೆಂದು ನನ್ನ ಹತ್ತಿರ ಬಂದಾಗ ಅವರು ಹೇಳಿಕೊಂಡ ತೊಂದರೆ ನಿದ್ದೆಯದು. ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಫೀಲ್ಡಿಗೆ ಹೊರಡುವ ಬೆಳಿಗ್ಗೆ ಹೊಟ್ಟೆ ಕಿವುಚುತ್ತದೆ. "ಅವರ ಕಷ್ಟ ಕೇಳಿ ನಾನು ಪೇಪರ್ ಬರೀತೀನಿ ಮೇಡಂ. ನನಗೆ ಕೆಲಸ ಸಿಕ್ತು. ಅವರಿಗೇನು ಸಿಕ್ತು?" ಎಂದರು.

ಫೀಲ್ಡಿನಲ್ಲಿ ಗಿರಿಜಾ ಕೇಳುವ ಕಷ್ಟಗಳು ಇಂಥವು. ಬೀದಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಗಿನಿಂದ ನೀರೇ ಕುಡಿಯದ ಹೆಂಗಸರು, ಅದರಿಂದ ಮತ್ತೆ ಮತ್ತೆ ಬರುವ ಉರಿಮೂತ್ರ. ಕಸದಲ್ಲಿದ್ದ ಗಾಜು, ಸೂಜಿ ಕೈಗೆ ಚುಚ್ಚುವುದು. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ಇದ್ದರೂ ಆಸ್ಪತ್ರೆಗೆ ಹೋದರೆ ಆ ದಿನದ ಹಾಜರಿ ಹೋಗುತ್ತದೆಂಬ ಭಯ. "ಡಾಕ್ಟ್ರಮ್ಮ, ಮಾತ್ರೆ ಬರ್ಕೊಡಿ" ಎಂದು ಅವರು ಕೇಳಿದಾಗ, ತಾನು ಆ ಡಾಕ್ಟರಲ್ಲ ಎಂದು ಬಿಡಿಸಿ ಹೇಳಲು ಗಿರಿಜಾಗೆ ನಾಚಿಕೆ.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಅವರ ಅಮ್ಮನೂ ಪೌರಕಾರ್ಮಿಕರು. ಊರಿನ ಬೀದಿ ಗುಡಿಸಿ ಮಗಳನ್ನು ಓದಿಸಿದವರು. ವಿಭಾಗದಲ್ಲಿ ಯಾರಿಗೂ ಇದು ಗೊತ್ತಿಲ್ಲ. ಕಳೆದ ಹಬ್ಬದಲ್ಲಿ ಅಮ್ಮ ನಗುತ್ತಲೇ ಕೇಳಿದರಂತೆ: "ಊರೋರ ನೋವೆಲ್ಲಾ ಬರ್ಕೊಂಡು ಬಂದೆ. ನನ್ನ ಸೊಂಟ ಯಾವಾಗ ನೋಡ್ತೀಯೇ?"

ಮನಸ್ಸು ಗಟ್ಟಿ ಮಾಡಿಕೋ, ಸ್ವಲ್ಪ ದೂರ ಇಟ್ಟುಕೋ ಎಂದು ಗೈಡ್ ಹೇಳಿದ್ದರು. ಇಂಥ ಮಾತು ಕೇಳಿ ಕೇಳಿ ನನಗೂ ಸಾಕಾಗಿದೆ. ತಾನು ಬೆಳೆದ ಮನೆಯಿಂದ ಯಾರಾದರೂ ಎಷ್ಟು ದೂರ ಇಟ್ಟುಕೊಳ್ಳಲಾದೀತು? ಗಿರಿಜಾ ಮೆತ್ತಗಿನವರೆಂದು ನನಗೆ ಅನ್ನಿಸಲಿಲ್ಲ. ತಮ್ಮ ಕಷ್ಟ ಹೇಳಿಕೊಂಡ ಹೆಂಗಸರಿಗೆ ತಾನು ಏನು ಕೊಡಬೇಕು, ಏನು ಕೊಡಲಾಗದು ಎಂಬುದನ್ನು ಯಾರೂ ಅವರ ಜೊತೆ ಕೂತು ತೀರ್ಮಾನಿಸಿರಲಿಲ್ಲ, ಅಷ್ಟೇ. ಅದು ತೀರ್ಮಾನವಾಗದೆ ಎಲ್ಲವೂ ತನ್ನದೇ ಸಾಲ ಎಂಬಂತೆ ಹೊತ್ತಿದ್ದರು.

ಹಾಗಾಗಿ ಮೊದಲು ಆ ಲೆಕ್ಕಕ್ಕೇ ಕೂತೆವು. ಮಾತ್ರೆ ಕೊಡುವುದು ಅವರ ಕೈಯಲ್ಲಿಲ್ಲ. ಆದರೆ ಫೀಲ್ಡಿಗೆ ಇಳಿಯುವ ಮೊದಲೇ ಹತ್ತಿರದ ಇಎಸ್‌ಐ ಡಿಸ್ಪೆನ್ಸರಿ, ಸರ್ಕಾರಿ ಆಸ್ಪತ್ರೆಯವರ ಜೊತೆ ಮಾತಾಡಿ, ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ಗೊತ್ತು ಮಾಡಿಕೊಳ್ಳಬಹುದು. ಸಿಕ್ಕಿದ ಫಲಿತಾಂಶವನ್ನು ಆ ಹೆಂಗಸರ ಮುಂದೆಯೇ ಕನ್ನಡದಲ್ಲಿ ಹೇಳಬಹುದು. ಇದೇನು ದಾನವಲ್ಲ. ದುರ್ಬಲ ಸಮುದಾಯಗಳ ನಡುವಿನ ಸಂಶೋಧನೆಯ ಪ್ರಯೋಜನ ಅವರಿಗೂ ತಲುಪಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯೂ ಹೇಳುತ್ತದೆ. ಇದಕ್ಕೆ ಬೇಕಾದ ಸಮಯ, ದುಡ್ಡನ್ನು ಯೋಜನೆಯ ಬಜೆಟ್ಟಿನಲ್ಲೇ ಕೇಳಿ ಎಂದೆ. ಸ್ವಂತ ಸಂಬಳದಿಂದ ಆಟೋ ಚಾರ್ಜ್ ಕೊಡುತ್ತಿದ್ದರು. ಅದನ್ನು ನಿಲ್ಲಿಸಲು ಹೇಳಿದೆ.

ಬರೀ ಬರೆಯುವುದರಿಂದ ಏನಾಗುತ್ತೆ ಎಂಬ ಅವರ ಪ್ರಶ್ನೆಗೆ ಜೂಲಿಯನ್ ಟ್ಯೂಡರ್ ಹಾರ್ಟ್ ಅವರನ್ನು ನೆನಪಿಸಿದೆ. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯಲ್ಲಿ ಡಾಕ್ಟರಾಗಿದ್ದವರು. ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ಮಾತನ್ನು ಇವತ್ತಿಗೂ ಜನ ಎತ್ತಿ ಕೇಳುತ್ತಾರೆ. ಗಿರಿಜಾ ಆ ಲೇಖನವನ್ನು ಎಷ್ಟೋ ಸಲ ಉಲ್ಲೇಖಿಸಿದ್ದರು. ಬರೆದದ್ದು ಹೀಗೆ ಉಳಿಯುತ್ತದೆ ಎಂಬುದು ತನ್ನ ಬರವಣಿಗೆಗೂ ಅನ್ವಯಿಸುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ನಿದ್ದೆಯ ಕಾರಣ ಕೆದಕಿದಾಗ ಸುಲಭದ್ದೊಂದು ಸಿಕ್ಕಿತು. ಸಂದರ್ಶನದ ರೆಕಾರ್ಡಿಂಗ್‌ಗಳನ್ನು ರಾತ್ರಿ ಹಾಸಿಗೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತಿದ್ದರು. ಒಂದೇ ಅಳುವನ್ನು ಹಿಂದೆ ಮುಂದೆ ಓಡಿಸಿ ಕೇಳುವುದು ಎದುರು ಕೂತು ಕೇಳುವುದಕ್ಕಿಂತ ಜಾಸ್ತಿ ಭಾರ. ಆ ಕೆಲಸ ಹಗಲಿನಲ್ಲಿ, ಆಫೀಸಿನಲ್ಲಿ, ತಂಡದವರ ಜೊತೆ ಹಂಚಿಕೊಂಡು ಆಗಲಿ ಎಂದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದೂ ಹೇಳಿದೆ. ತಡರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಮ್ಮನ ವಿಷಯ ವಿಭಾಗದಲ್ಲಿ ಹೇಳಬೇಕಾ? ಇದನ್ನು ಬಹಳ ಹೊತ್ತು ಮಾತಾಡಿದೆವು. ಹೇಳಿದರೆ ಎಲ್ಲಾ ಸೆಮಿನಾರಿಗೂ ತನ್ನನ್ನೇ 'ಅನುಭವಸ್ಥೆ' ಎಂದು ಮುಂದೆ ಕೂರಿಸುತ್ತಾರೆ ಎಂಬುದು ಅವರ ಹೆದರಿಕೆ. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಹೇಳಲೇಬೇಕೆಂಬ ಋಣ ಯಾರಿಗೂ ಇಲ್ಲ ಎಂದೆ. ಹೇಳುವುದಾದರೆ ನಂಬಿಕೆಯ ಒಬ್ಬರಿಗೆ ಮೊದಲು.

ಅಮ್ಮನನ್ನೂ ಸಂದರ್ಶನ ಮಾಡಲಾ ಎಂದು ಕೇಳಿದರು. ಬೇಡ, ರಜೆ ಹಾಕಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೆ.

ಹೋಗಿ ಬಂದರು. ಅಮ್ಮನಿಗೆ ಫಿಸಿಯೋಥೆರಪಿ ಶುರುವಾಗಿದೆ. ಅಮ್ಮ ಅಲ್ಲಿನ ಹುಡುಗಿಯನ್ನು ಬೈಯುತ್ತಾರಂತೆ. ಗಿರಿಜಾ ಈಗ ಕೊಂಚ ನಿದ್ದೆ ಮಾಡುತ್ತಾರೆ. ಬಜೆಟ್ಟಿನ ಪ್ರಸ್ತಾಪಕ್ಕೆ ಗೈಡ್ ಅರ್ಧ ಒಪ್ಪಿದ್ದಾರೆ. ಯೋಜನೆ ಬಿಟ್ಟು ಬೇರೆ ಕಡೆ ಹೋಗುವ ಯೋಚನೆ ಇನ್ನೂ ಇದೆ. ಅದನ್ನು ಮುಂದಿನ ತಿಂಗಳ ಭೇಟಿಗೆ ಇಟ್ಟುಕೊಂಡಿದ್ದೇವೆ.