ಮಳೆ ಅಷ್ಟೇ ಇದೆ, ಹೊಳೆ ಯಾಕೆ ಬತ್ತುತ್ತಿದೆ?

ಪ್ರಶ್ನೆ: ವರ್ಷದ ಒಟ್ಟು ಮಳೆ ಕಡಿಮೆಯಾಗಿಲ್ಲ. ಆದರೂ ನಮ್ಮ ಹೊಳೆ ಮಳೆಗಾಲದಲ್ಲಿ ದಡ ಮೀರುತ್ತದೆ, ಬೇಸಿಗೆಗೆ ಮುಂಚೆಯೇ ಒಣಗುತ್ತದೆ. ಮೇಲಿನ ಬೋಳು ಗುಡ್ಡಕ್ಕೆ ನೀಲಗಿರಿ ನೆಟ್ಟರೆ ನೀರು ವಾಪಸ್ ಬರುತ್ತದಾ?

ಉತ್ತರ: ಹಳ್ಳಗಳ ನೀರಿನ ಮಟ್ಟ ಬರೆದಿಡುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಅಕ್ಕಪಕ್ಕದ ಎರಡು ಹಳ್ಳ. ಎರಡಕ್ಕೂ ಒಂದೇ ಮಳೆ. ಒಂದರ ಮೇಲ್ಗಡೆ ಕಾಡು, ಇನ್ನೊಂದರ ಮೇಲ್ಗಡೆ ದನ ತುಳಿದು ಗಟ್ಟಿಯಾದ ನೆಲ. ಜೋರು ಮಳೆ ಬಂದ ಗಂಟೆಯೊಳಗೆ ಎರಡನೆಯದು ಕೆಂಪಗೆ ಉಕ್ಕುತ್ತಿತ್ತು, ಸಂಜೆಗೆ ಇಳಿದುಬಿಡುತ್ತಿತ್ತು. ಕಾಡಿನ ಹಳ್ಳ ಏರುವುದೇ ನಿಧಾನ. ಆದರೆ ಮಳೆ ನಿಂತು ತಿಂಗಳುಗಳಾದರೂ ಅಳತೆಗೋಲಿನ ಬುಡದಲ್ಲಿ ನೀರು ಹರಿಯುತ್ತಲೇ ಇರುತ್ತಿತ್ತು. ಬೇಸಿಗೆಯ ಹೊಳೆ ಅಂದರೆ ಹಿಂದೆ ಇಂಗಿದ ಮಳೆಯೇ ಅಲ್ವಾ?

ನಿಮ್ಮ ಮಣ್ಣು ಗಂಟೆಗೆ 20 ಮಿ.ಮೀ. ನೀರು ಕುಡಿಯುತ್ತದೆ ಅಂತಿಟ್ಟುಕೊಳ್ಳಿ. 100 ಮಿ.ಮೀ. ಮಳೆ ಎರಡು ದಿನ ಜಡಿಯಾಗಿ ಹಿಡಿದರೆ ಹೆಚ್ಚಿನದು ಇಂಗುತ್ತದೆ. ಅಷ್ಟೇ ಮಳೆ ಎರಡು ಗಂಟೆಯಲ್ಲಿ ಸುರಿದರೆ 40 ಒಳಗೆ, 60 ಹೊರಗೆ. ಅಂದರೆ ಒಂದು ಹೆಕ್ಟೇರಿನಿಂದ 6 ಲಕ್ಷ ಲೀಟರ್ ಹೊಳೆಗೆ ನುಗ್ಗುತ್ತದೆ. ಮಳೆಮಾಪಕದ ಪುಸ್ತಕದಲ್ಲಿ ಮಾತ್ರ ಎರಡೂ 100. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ತೇವ ಹಿಡಿಯಬಲ್ಲದು. ಬಿರುಮಳೆ ಹೆಚ್ಚುತ್ತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಇನ್ನು ನೀಲಗಿರಿ. ದಯವಿಟ್ಟು ಅವಸರ ಮಾಡಬೇಡಿ. ಮರ ನೀರನ್ನು ಹುಟ್ಟಿಸುವುದಿಲ್ಲ, ಕುಡಿಯುತ್ತದೆ. ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1965ರ ಕೊನೆಗೆ ಒಂದು ಪುಟ್ಟ ಕಣಿವೆಯ ಮರಗಳನ್ನೆಲ್ಲ ಕಡಿದು ಬಿದ್ದಲ್ಲೇ ಬಿಟ್ಟರು. ಮೊದಲ ವರ್ಷವೇ ತೊರೆಯ ನೀರು ಸುಮಾರು 40% ಹೆಚ್ಚಿತು. ಬೇರೆ ಬೇರೆ ಕಡೆಯ ಇಂಥ 94 ಪ್ರಯೋಗಗಳನ್ನು 1982ರಲ್ಲಿ ಒಟ್ಟಿಗೆ ನೋಡಿದರು. ಜಲಾನಯನ ಪ್ರದೇಶದ 10% ಜಾಗದಲ್ಲಿ ಪೈನ್ ಅಥವಾ ನೀಲಗಿರಿ ಹೆಚ್ಚಾದರೆ ವರ್ಷದ ಹರಿವು ಸುಮಾರು 40 ಮಿ.ಮೀ. ಮಳೆಯಷ್ಟು ಇಳಿಯುತ್ತದೆ ಅಂತ ಕಂಡಿತು.

ಹಾಗಂತ ಇರುವ ಮರ ಕಡಿಯಬೇಡಿ! ಆ ಕಣಿವೆಯಲ್ಲಿ ದಿಮ್ಮಿ ಎಳೆದಿರಲಿಲ್ಲ, ರಸ್ತೆ ಮಾಡಿರಲಿಲ್ಲ, ಮಣ್ಣು ಮೆತ್ತಗೇ ಇತ್ತು. ಹಾಗಿದ್ದೂ ಮಣ್ಣಿನ ಸಾರ ತೊರೆಯಲ್ಲಿ ಕೊಚ್ಚಿಹೋಯಿತು. ಬೇರೆ ಕಡೆ ಮರ ಹೋದ ಹಿಂದೆಯೇ ದನ, ನೇಗಿಲು, ರಸ್ತೆ ಬರುತ್ತವೆ. ನೆಲದ ಬಾಯಿ ಮುಚ್ಚಿಹೋಗುತ್ತದೆ. ನಿಮ್ಮ ಗುಡ್ಡಕ್ಕೆ ಆಗಿರುವುದು ಇದೇ ಅನ್ನಿಸುತ್ತದೆ. ಮೊದಲು ದನ ತಡೆಯಿರಿ. ಅಲ್ಲಿಯದೇ ಹುಲ್ಲು, ಪೊದೆ, ಗಿಡ ಮೇಲೇಳಲಿ. ಬೇರು, ತರಗೆಲೆ, ಎರೆಹುಳು ಸೇರಿ ಮಣ್ಣು ಸಡಿಲವಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ರಸ್ತೆಯ ನೀರನ್ನು ಇಂಗುಗುಂಡಿಗೆ ತಿರುಗಿಸಿ. ಹೊಳೆ ಪಕ್ಕದ ಕೊಳವೆಬಾವಿಗಳನ್ನೂ ಎಣಿಸಿ. ಬೇಸಿಗೆಯ ಹರಿವನ್ನು ಅವು ನೇರವಾಗಿ ಎಳೆದುಕೊಳ್ಳುತ್ತವೆ.

ಒಂದು ಪರೀಕ್ಷೆ ಮಾಡಿ. ಎರಡೂ ತುದಿ ತೆರೆದ ಡಬ್ಬಿಯನ್ನು ನೆಲಕ್ಕೆ ಒತ್ತಿ, ಒಂದು ಲೀಟರ್ ನೀರು ಹಾಕಿ, ಇಂಗಲು ಎಷ್ಟು ನಿಮಿಷ ಬೇಕು ನೋಡಿ. ಹಳೇ ಮರದ ಕೆಳಗೆ ಒಮ್ಮೆ, ಬೋಳು ನೆಲದಲ್ಲಿ ಒಮ್ಮೆ. ಎರಡನ್ನೂ ನನಗೆ ಬರೆದು ಕಳಿಸಿ.