ಹಳೇ ಸೋಡಾ ಮಷೀನ್: ಕೆಳಗೆ ಮಂಜುಗಡ್ಡೆ, ಮೇಲೆ ಬೆಚ್ಚಗೆ

ಪ್ರಶ್ನೆ: 1950ರ ದಶಕದ ಒಂದು ಸೋಡಾ ವೆಂಡಿಂಗ್ ಮಷೀನ್ ತಗೊಂಡಿದ್ದೇನೆ. ನಾಣ್ಯ ಹಾಕಿದರೆ ಬಾಟಲಿ ಬೀಳುತ್ತದೆ, ಅದೆಲ್ಲ ಸರಿ. ಆದರೆ ಕೆಳಗಿನ ಬಾಟಲಿಗಳು ಗಡ್ಡೆಕಟ್ಟಿ ಎರಡು ಒಡೆದೇ ಹೋದವು, ಮೇಲಿನವು ಸರಿಯಾಗಿ ತಣ್ಣಗೂ ಆಗುವುದಿಲ್ಲ. ಒಳಗಿರುವ ನಾಬ್‌ನಲ್ಲಿ 1ರಿಂದ 7ರವರೆಗೆ ನಂಬರ್ ಇದೆ. 4ರಿಂದ 2ಕ್ಕೆ ಇಳಿಸಿದೆ, ಮಾರನೇ ದಿನ 5ಕ್ಕೆ ಏರಿಸಿದೆ, ಏನೂ ವ್ಯತ್ಯಾಸವಿಲ್ಲ. ಆ ನಾಬ್‌ನ ಹಿಂದಿರುವ, ತಂಪು ನಿಯಂತ್ರಿಸುವ ಥರ್ಮೋಸ್ಟಾಟ್ ಬದಲಿಸಲೇ?

ಉತ್ತರ: ತಡೆಯಿರಿ, ಇಷ್ಟು ಬೇಗ ಬೇಡ. ಮೊದಲು ಒಂದು ಗಂಟೆ ಮಷೀನ್ ಪಕ್ಕ ಕೂತು ಕೇಳಿಸಿಕೊಳ್ಳಿ. ಕಂಪ್ರೆಸರ್, ಅಂದ್ರೆ ತಂಪು ಮಾಡಲು ಗುಂಯ್ ಅಂತ ಓಡುವ ಮೋಟಾರ್, ಒಮ್ಮೆಯಾದರೂ ನಿಲ್ಲುತ್ತದಾ? ನೀವು ಬರೆದಿದ್ದು ನೋಡಿದರೆ ನಿಲ್ಲುತ್ತಿಲ್ಲ ಅಂತಲೇ ನನ್ನ ಅನುಮಾನ.

ನಾಬ್‌ನ ಹಿಂದಿನಿಂದ ದಾರದಷ್ಟು ತೆಳುವಾದ ಒಂದು ಲೋಹದ ಕೊಳವೆ ಹೊರಡುತ್ತದೆ. ಅದರೊಳಗೆ ಗ್ಯಾಸ್ ಇರುತ್ತದೆ, ತುದಿಯನ್ನು ಕೂಲಿಂಗ್ ಕಾಯಿಲ್‌ಗೆ ಕ್ಲಿಪ್ ಹಾಕಿ ಹಿಡಿಸಿರುತ್ತಾರೆ. ಕಾಯಿಲ್ ತಣ್ಣಗಾದರೆ ಕೊಳವೆಯೊಳಗಿನ ಒತ್ತಡ ಇಳಿದು ಸ್ವಿಚ್ ಬಿಟ್ಟುಕೊಳ್ಳುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ನಾಬ್ ಮಾಡುವ ಕೆಲಸ ಇಷ್ಟೇ, ಒಂದು ಸ್ಪ್ರಿಂಗ್ ಬಿಗಿ ಮಾಡುವುದು, ಇಲ್ಲಾ ಸಡಿಲ ಮಾಡುವುದು. ಆ ನಂಬರ್‌ಗಳು ಡಿಗ್ರಿ ಅಲ್ಲವೇ ಅಲ್ಲ. ಈಗ ಆ ತುದಿ ಕ್ಲಿಪ್‌ನಿಂದ ಜಾರಿ ಗಾಳಿಯಲ್ಲಿ ನೇತಾಡುತ್ತಿದ್ದರೆ, ಕಾಯಿಲ್ ಎಷ್ಟು ತಣ್ಣಗಾದರೂ ಅದಕ್ಕೆ ಗೊತ್ತೇ ಆಗುವುದಿಲ್ಲ, ನೀವು 2ಕ್ಕೆ ಇಡಿ, 5ಕ್ಕೆ ಇಡಿ, ಮಷೀನ್ ಓಡುತ್ತಲೇ ಇರುತ್ತದೆ. ಹಳೇ ಮಷೀನ್ ಸಾಗಿಸುವಾಗ ಇದು ಜಾರುವುದು ಮಾಮೂಲಿ. ಪ್ಲಗ್ ತೆಗೆದು ಟಾರ್ಚ್ ಹಾಕಿ ಹುಡುಕಿ, ಮತ್ತೆ ಬಿಗಿಯಾಗಿ ಕೂರಿಸಿ. ಕೊಳವೆಯನ್ನು ಮಡಚಬೇಡಿ, ಮಡಚಿದರೆ ಥರ್ಮೋಸ್ಟಾಟ್ ಕಥೆ ಮುಗಿಯಿತು.

ಇನ್ನು ಮೇಲೆ ಕೆಳಗೆ ವ್ಯತ್ಯಾಸ. ಒಂದರ ಮೇಲೊಂದು ಬಾಟಲಿ ಪೇರಿಸುವ ಮಷೀನ್‌ಗಳಲ್ಲಿ ಮೊದಲು ಹೊರಗೆ ಬರುವುದು ಕೆಳಗಿನದು, ಹಾಗಾಗಿ ಕೆಳಗೆ ಸ್ವಲ್ಪ ಜಾಸ್ತಿ ತಂಪಿರುವುದು ಸಹಜ. ಆದರೆ ನಿಮ್ಮಷ್ಟು ಅಲ್ಲ. ಒಳಗಿನ ಫ್ಯಾನ್ ತಿರುಗುತ್ತಿಲ್ಲ, ಅಥವಾ ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿ ಹೋಗಲು ದಾರಿಯಿಲ್ಲ. ಬಾಗಿಲು ತೆರೆದಿಟ್ಟು ತಾನಾಗಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯುವ ಧೈರ್ಯ ಬೇಡ. ಆ ಕಾಲದ ಮಷೀನ್‌ಗಳ ಕಾಯಿಲ್‌ನಲ್ಲಿ ತಂಪು ಮಾಡಲು ಹೆಚ್ಚಾಗಿ ಇರುತ್ತಿದ್ದುದು ಆರ್-12 ಎಂಬ ಗ್ಯಾಸ್. ಓಜೋನ್ ಪದರಕ್ಕೆ ಹಾನಿ ಅಂತ ಮುಂದುವರಿದ ದೇಶಗಳು 1995ರ ಕೊನೆಗೆ ಅದರ ತಯಾರಿಕೆ ನಿಲ್ಲಿಸಿದವು, ಕಾಯಿಲ್ ತೂತಾದರೆ ಮತ್ತೆ ತುಂಬಿಸುವುದು ದೊಡ್ಡ ತಲೆನೋವು.

ಇಷ್ಟಾದ ಮೇಲೆ ನಾಬ್‌ಗೆ ಬನ್ನಿ. ನೀವು ಮಾಡಿದ ತಪ್ಪು, ದಿನಕ್ಕೊಂದು ಸಲ ಎರಡು ಮೂರು ನಂಬರ್ ಹಾರಿಸಿದ್ದು. ಮಷೀನ್ ತುಂಬ ಬಾಟಲಿ ಹಾಕಿ, ಕೆಳಗಿನ ಸಾಲಿನ ಹತ್ತಿರ ಒಂದು ಲೋಟ ನೀರು, ಅದರಲ್ಲಿ ಥರ್ಮಾಮೀಟರ್. ಗಾಳಿಯ ತಾಪಮಾನ ಅಳೆದರೆ ಬಾಗಿಲು ತೆಗೆದ ಕೂಡಲೇ ಬದಲಾಗುತ್ತದೆ, ಅದನ್ನು ನಂಬಿ ಕೂರಬೇಡಿ. 3ಕ್ಕೆ ಇಟ್ಟು 24 ಗಂಟೆ ಸುಮ್ನೆ ಬಿಡಿ. ನಡುವೆ ಬೆಚ್ಚಗಿನ ಬಾಟಲಿ ಸೇರಿಸಿದರೆ ಲೆಕ್ಕ ಕೆಡುತ್ತದೆ. ನೀರು 2ರಿಂದ 4 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಸಾಕು. ಸಕ್ಕರೆ ಇರುವ ಪಾನೀಯ ಸೊನ್ನೆಗಿಂತ ಸ್ವಲ್ಪ ಕೆಳಗೆ ಹೆಪ್ಪುಗಟ್ಟುತ್ತದೆ, ಸಕ್ಕರೆ ಇಲ್ಲದ್ದು ಇನ್ನೂ ಬೇಗ. ಮುಚ್ಚಳ ತೆಗೆದ ತಕ್ಷಣ ಬಾಟಲಿ ಕಣ್ಣೆದುರೇ ಗಡ್ಡೆಯಾಯಿತು ಅಂದ್ರೆ, ನೋಡೋಕೆ ಮಜಾ, ಆದರೆ ನೀವು ಗೆರೆ ದಾಟಿದ್ದೀರಿ ಅಂತ.

ನಾಬ್ ಪಕ್ಕ ಸಣ್ಣ ಸ್ಕ್ರೂ ಇದ್ದರೆ ಮುಟ್ಟಬೇಡಿ. ಎಷ್ಟೋ ಥರ್ಮೋಸ್ಟಾಟ್‌ಗಳಲ್ಲಿ ಅದು ಕಂಪ್ರೆಸರ್ ನಿಲ್ಲುವುದಕ್ಕೂ ಮತ್ತೆ ಶುರುವಾಗುವುದಕ್ಕೂ ನಡುವಿನ ಅಂತರದ್ದು. ಅದು ತೀರಾ ಕಡಿಮೆಯಾದರೆ ಕಂಪ್ರೆಸರ್ ನಿಂತೂ ಓಡಿಯೂ ಸುಸ್ತಾಗಿ ಸುಟ್ಟುಹೋಗಬಹುದು. ಪ್ಲಗ್ ತೆಗೆದ ಮೇಲೆ ಮತ್ತೆ ಹಾಕುವ ಮುಂಚೆ ಐದು ನಿಮಿಷ ಬಿಡುವು ಕೊಡಿ. ಹಾಗೇ ವೈರ್‌ನ ರಬ್ಬರ್ ಬಿರುಕು ಬಿಟ್ಟಿದೆಯಾ, ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿಬಿಡಿ. ತಗಡಿನ ಮೈ ಅಲ್ವಾ, ಶಾಕ್ ಹೊಡೆದರೆ ಕಷ್ಟ.

ತುದಿ ಸರಿಯಾಗಿ ಕೂರಿಸಿದ ಮೇಲೂ, 1ಕ್ಕೆ ಇಟ್ಟರೂ ಕಂಪ್ರೆಸರ್ ನಿಲ್ಲದಿದ್ದರೆ ಆಗ ನಿಮ್ಮ ಊಹೆಯೇ ನಿಜ. ಹೊಸ ಥರ್ಮೋಸ್ಟಾಟ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಕೊಳವೆಯ ಉದ್ದವೂ ಹೊಂದಬೇಕು.